ಸದ್ದು ನುಂಗಿದ ಡಿಕ್ಕಿ: ಕಂತು ಹನ್ನೊಂದು, ದಬ್ ಮತ್ತು ಟಣ್

"ಬಿಸಿ ಕೊಟ್ರೆ ಅಂಟು, ತಂಪು ಕೊಟ್ರೆ ಬಿಸ್ಕತ್ತು. ಡಾಂಬರಿನ ವಿದ್ಯೆ ಇಷ್ಟೇ ಸಾರ್," ಎಂದ ಗ್ಯಾರೇಜಿನ ಕಿವಿ ಮೇಸ್ತ್ರಿ.

ಪೊಲೀಸ್ ಠಾಣೆಯ ಹಿತ್ತಲಲ್ಲಿ, ಚಕ್ರ ಕಳೆದುಕೊಂಡು ಹೊಟ್ಟೆಯ ಮೇಲೆ ಕುಳಿತಿದ್ದ ಹಳೆಯ ವ್ಯಾನಿನೊಳಗೆ ಅವನು ಮಂಡಿಯೂರಿದ್ದ. ಬಾಗಿಲ ಬಳಿ ಉಸ್ಸಪ್ಪ ನಿಂತಿದ್ದ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಮೂವತ್ತು ವರ್ಷದ ಪೊಲೀಸ್ ನೌಕರಿ, ಆಮೇಲೆ ಆರು ವರ್ಷದ ಖಾಸಗಿ ಪತ್ತೇದಾರಿಕೆ, ಈ ಎರಡರ ನಡುವೆ ಕೂತಾಗೊಮ್ಮೆ ಎದ್ದಾಗೊಮ್ಮೆ "ಉಸ್ಸಪ್ಪಾ" ಅಂದೂ ಅಂದೂ ಅದೇ ಹೆಸರಾಗಿಬಿಟ್ಟಿತ್ತು. ಮಧ್ಯಾಹ್ನ ಮೂರರ ಬಿಸಿಲು ಅವನ ಬೋಳು ತಲೆಯನ್ನು ತನ್ನ ಸ್ವಂತ ಆಸ್ತಿ ಎಂದು ತಿಳಿದಿತ್ತು.

ವ್ಯಾನಿನ ನೆಲಕ್ಕೆ ಕಪ್ಪು ಡಾಂಬರು ಶೀಟು ಅಂಟಿತ್ತು. ತಗಡು ಅದುರಿ ಗಲಗಲ ಎನ್ನದಿರಲಿ ಎಂದು ಗಾಡಿಗಳ ಒಳಮೈಗೆ ಅಂಟಿಸುವ, ಸದ್ದು ಕುಡಿಯುವ ಶೀಟು. ಮೇಸ್ತ್ರಿ ಎಡಭಾಗಕ್ಕೆ ಬಿಸಿಗಾಳಿಯ ಗನ್ ಹಿಡಿದು ಕೆರೆದಿದ್ದ. ಅಲ್ಲಿ ಶೀಟು ಕರಗಿ, ಹರಡಿ, ತಗಡಿಗೆಲ್ಲ ಮೆತ್ತಿ, ಮಗು ಮುಖಕ್ಕೆ ಕಾಡಿಗೆ ಬಳಿದುಕೊಂಡ ಹಾಗಾಗಿತ್ತು.

ಬಲಭಾಗಕ್ಕೆ ದಪ್ಪ ಕೈಗವಸು ಹಾಕಿಕೊಂಡು, ಥರ್ಮೋಕೋಲ್ ಪೆಟ್ಟಿಗೆಯಿಂದ ಡ್ರೈ ಐಸ್ ಚೂರುಗಳನ್ನು ತೆಗೆದು ಹರಡಿದ. ಬಿಳಿ ಹೊಗೆ ನೆಲದ ಮೇಲೆ ತೆವಳಿತು.

"ಹತ್ತು ನಿಮಿಷ ಸಾರ್. ಮುಟ್ಬಾರ್ದು, ಮಾತಾಡಿಸ್ಬಾರ್ದು. ಅಷ್ಟರಲ್ಲಿ ಅದೇ ಹೆದರಿ ಬಿರುಕು ಬಿಡುತ್ತೆ."

ಬಿಟ್ಟಿತು. ಒಳಗಿಂದ ಚಟ್, ಚಟ್ ಎಂಬ ಸದ್ದು. ಮೇಸ್ತ್ರಿ ರಬ್ಬರ್ ಸುತ್ತಿಗೆಯಿಂದ ಎರಡು ಏಟು ಹಾಕಿದ. ಅಂಗೈಯಗಲದ ತುಂಡುಗಳು ಎದ್ದು ಬಂದವು. ಕೆಳಗೆ ಕಾರ್ಖಾನೆಯ ಬಣ್ಣ ನಿನ್ನೆ ಬಳಿದಂತಿತ್ತು.

"ಗುರುತೇ ಇಲ್ವಲ್ಲ," ಎಂದ ಉಸ್ಸಪ್ಪ.

"ಅದೇ ಅದರ ಮಜಾ. ಅಲ್ಲಿ ಶೀಟು ಇತ್ತು ಅಂತ ತಗಡಿಗೇ ಮರೆತುಹೋಗುತ್ತೆ."

"ಈ ಉಪಾಯ ಯಾರ್ಯಾರಿಗೆ ಗೊತ್ತು?"

"ಈ ಊರಲ್ಲಿ ನನಗೊಬ್ಬನಿಗೆ," ಎಂದ ಮೇಸ್ತ್ರಿ ಹೆಮ್ಮೆಯಿಂದ.

ಪಕ್ಕದಲ್ಲಿದ್ದ ನೀಲಿ ಕಾರಿನ ಡಿಕ್ಕಿಯ ಮುಂದೆ ಕೂತು ಕಾರ್ಪೆಟ್ಟಿನ ಅಂಚು ಬಿಚ್ಚುತ್ತಿದ್ದ ಟೈಲರಕ್ಕನ ಕೈಯಲ್ಲಿ ಹೊಲಿಗೆ ಬಿಚ್ಚುವ ಕೊಕ್ಕೆ ಒಂದು ಕ್ಷಣ ನಿಂತಿತು. ಮತ್ತೆ ನಡೆಯಿತು.

ಉಸ್ಸಪ್ಪ ಅದನ್ನು ನೋಡಿದ. ನೋಡಿ ಉಸ್ಸಪ್ಪಾ ಎಂದ.

*

ನೀಲಿ ಕಾರು ಜವಳಿ ಧಣಿಯದು. ಅದನ್ನು ಓಡಿಸುತ್ತಿದ್ದವನು ಟೈಲರಕ್ಕನ ತಮ್ಮ. ಈಗ ಅವನು ಇದೇ ಠಾಣೆಯ ಲಾಕಪ್ಪಿನಲ್ಲಿದ್ದ.

ಒಂಬತ್ತು ದಿನದ ಹಿಂದೆ, ಭಾನುವಾರ ಸಂಜೆ, ಯಾರೋ ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನನನ್ನು ಜೀವಸಹಿತ ಆ ಡಿಕ್ಕಿಯೊಳಗೆ ಹಾಕಿ ಮುಚ್ಚಿದ್ದರು. ಟೈಲರಕ್ಕನ ತಮ್ಮ ಎರಡೂವರೆ ಗಂಟೆ ಕಾರು ಓಡಿಸಿ ಧಣಿಯ ಮನೆ ಮುಂದೆ ನಿಲ್ಲಿಸಿ, ಬೀಗದ ಕೈ ಕೊಟ್ಟು ಮಲಗಲು ಹೋಗಿದ್ದ. ಸೋಮವಾರ ಬೆಳಿಗ್ಗೆ ಪ್ರೆಸ್ಸಿನವನ ಹೆಣ ಕಲ್ಲುಕ್ವಾರಿಯಲ್ಲಿ ಸಿಕ್ಕಿತು. ಉಸಿರುಕಟ್ಟಿ ಸತ್ತಿದ್ದ. ಅಂಗಿಗೆ ಡಿಕ್ಕಿಯ ಕಾರ್ಪೆಟ್ಟಿನ ನೂಲು ಅಂಟಿತ್ತು.

"ನನಗೆ ಒಂದು ಸದ್ದೂ ಕೇಳಿಸಲಿಲ್ಲ" ಎಂಬುದು ತಮ್ಮನ ಒಂದೇ ಮಾತು.

ಇನ್‌ಸ್ಪೆಕ್ಟರ್ ಪರೀಕ್ಷೆ ಮಾಡಿಸಿದರು. ಒಬ್ಬ ದಫೇದಾರನನ್ನು ಡಿಕ್ಕಿಗೆ ತುಂಬಿ ಬಡಿಯಲು ಹೇಳಿದರು. ಮುಂದಿನ ಸೀಟಿಗೆ ಮದ್ದಳೆ ಬಾರಿಸಿದಂತೆ ಕೇಳಿಸಿತು. ಆ ದಿನದಿಂದ ಆ ಮನುಷ್ಯನಿಗೆ ಡಿಕ್ಕಿ ದಫೇದಾರ ಎಂಬ ಬಡ್ತಿ ಸಿಕ್ಕಿತು. ತಮ್ಮನಿಗೆ ಸುಳ್ಳುಗಾರ ಎಂಬ ಬಿರುದು. ನಾಳೆ ಹತ್ತು ಗಂಟೆಗೆ ಅವನ ಮೇಲೆ ಕೊಲೆಯ ಆರೋಪಪಟ್ಟಿ ಕೋರ್ಟಿಗೆ ಹೋಗುವುದಿತ್ತು. ಅದು ಹೋಯಿತೆಂದರೆ ಮರಳಿ ಕರೆಯುವುದು ಬಿಟ್ಟ ಬಾಣವನ್ನು ಹೆಸರು ಹಿಡಿದು ಕೂಗಿದಂತೆ.

ಇವತ್ತು ಸಂಜೆ ಐದರ ತನಕ ಕಾರನ್ನು ಬಿಚ್ಚಿ ನೋಡಲು ಉಸ್ಸಪ್ಪನಿಗೆ ಅಪ್ಪಣೆ ಸಿಕ್ಕಿತ್ತು. ಹಳೆಯ ಸಹೋದ್ಯೋಗಿ ಎಂಬ ದಾಕ್ಷಿಣ್ಯಕ್ಕೆ. ಸದ್ದು ಕುಡಿಯುವ ಶೀಟನ್ನು ಗುರುತಿಲ್ಲದಂತೆ ಕೀಳಬಹುದೇ ಎಂದು ತೋರಿಸಲು ಮೇಸ್ತ್ರಿಯನ್ನೂ, ಕಾರ್ಪೆಟ್ ಬಿಚ್ಚಲು ಟೈಲರಕ್ಕನನ್ನೂ ಅವನೇ ಕರೆತಂದಿದ್ದ. ಕಾವಲಿಗೆ ಡಿಕ್ಕಿ ದಫೇದಾರ. ಅವನು ಕುರ್ಚಿ ಹಾಕಿಕೊಂಡು, ತನ್ನನ್ನು ತುಂಬಿದ್ದ ಆ ಗೂಡನ್ನೇ ದ್ವೇಷದಿಂದ ನೋಡುತ್ತಿದ್ದ.

"ಮೊಣಕಾಲು ಇನ್ನೂ ನೋಯ್ತದೆ ಸಾರ್," ಎಂದ. "ಬೇರೆಯವರು ಡಿಕ್ಕಿ ಹೊಡ್ದು ಆಸ್ಪತ್ರೆಗೆ ಹೋಗ್ತಾರೆ. ನಾನು ಡಿಕ್ಕಿ ಒಳಗೇ ಹೊಡ್ದು ಹೋದೆ."

ಮೇಸ್ತ್ರಿ ವ್ಯಾನಿನಿಂದ ಇಳಿದು, ಮೂಗಿನಿಂದ ಮಾತಾಡಿದ. "ನೋಡ್ರೀ ದಫೇದಾರ್ರೇ, ಕಾನೂನಿಗೆ ಕಣ್ಣಿಲ್ದಿರಬಹುದು, ಕಿವಿ ಇದೆ ರೀ. ಇನ್ನೊಂದ್ಸಲ ಒಳಗೆ ಹೋಗ್ರೀ."

ದಫೇದಾರ ದಡಕ್ಕನೆ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. ಆಮೇಲೆ ಇನ್‌ಸ್ಪೆಕ್ಟರ್ ಅಲ್ಲಿಲ್ಲ ಎಂದು ತಿಳಿದು, ಬೈಯಬೇಕೋ ನಗಬೇಕೋ ಗೊತ್ತಾಗದೆ ಎರಡನ್ನೂ ಅರ್ಧರ್ಧ ಮಾಡಿದ.

ಕಿವಿ ಮೇಸ್ತ್ರಿಯ ಬಳಿ ಗಾಡಿ ತಂದವರು ತೊಂದರೆ ಏನೆಂದು ಹೇಳಬೇಕಿರಲಿಲ್ಲ. "ಕರ್ ಕರ್ ಅಂತದಾ, ಕಿರ್ ಕಿರ್ ಅಂತದಾ?" ಎಂದು ಅವನೇ ಎರಡನ್ನೂ ಮಾಡಿ ತೋರಿಸುತ್ತಿದ್ದ. ಗಿರಾಕಿ ತಲೆಯಾಡಿಸಿದ ಸದ್ದಿಗೆ ತಕ್ಕ ನಟ್ಟು ತಿರುಗಿಸುತ್ತಿದ್ದ. ಎಂಜಿನ್ನಿನ ದನಿ ಬಂದವನಿಗೆ ಮನುಷ್ಯರ ದನಿ ಯಾವ ಲೆಕ್ಕ. ಧಣಿಯನ್ನು ಮಾಡಿದ: "ನಾನು ಹಿಂದೆ ಕೂರೋನಪ್ಪ, ಹಿಂದೆ ನೋಡೋನಲ್ಲ. ಡಿಕ್ಕೀಲಿ ಏನಿತ್ತೋ ನಂಗೇನು ಗೊತ್ತು?" ಉಸ್ಸಪ್ಪನನ್ನೂ ಮಾಡಿದ. ಮೊದಲು ಸೊಂಟಕ್ಕೆ ಕೈ, ಆಮೇಲೆ ನಿಟ್ಟುಸಿರು, ಆಮೇಲೆ ಗಂಟಲಿನ ತಳದಿಂದ ಗೊರಗೊರ: "ಉಸ್ಸಪ್ಪಾ. ಮೇಸ್ತ್ರೀ, ಅದೊಂದು ನೋಡಿಬಿಡು ಮಾರಾಯ."

"ನನ್ನ ಹೆಂಡತಿ ಎದುರಿಗೆ ಇದನ್ನ ಮಾಡಬೇಡ," ಎಂದ ಉಸ್ಸಪ್ಪ. "ಒಬ್ಬನ್ನೇ ಸಹಿಸೋದು ಕಷ್ಟ ಅಂತಾಳೆ."

"ಡ್ರೈವರ್ ಹೆಂಗೆ ಮಾತಾಡ್ತಾನೆ, ಮಾಡಿ ನೋಡಾಣ," ಎಂದ ದಫೇದಾರ ಆಸೆಯಿಂದ.

"ಅವನ ದನಿ ನಂಗೆ ಬರಲ್ಲ," ಎಂದ ಮೇಸ್ತ್ರಿ. ಸುತ್ತಿಗೆ ಎತ್ತಿಕೊಂಡು ನೀಲಿ ಕಾರಿನ ಕಡೆ ಹೋದ.

*

ಕಾರ್ಪೆಟ್ ಹೊರಗೆ ಬಂತು. ಟೈಲರಕ್ಕ ಅದನ್ನು ಅಚ್ಚುಕಟ್ಟಾಗಿ ಮಡಚಿದಳು. ಹದಿನೈದು ವರ್ಷದಿಂದ ಸೀಟ್ ಕವರ್ ಹೊಲಿದ ಕೈ. ಕೊಲೆಯ ಕಾರ್ಪೆಟ್ಟನ್ನೂ ಸುಕ್ಕಿಲ್ಲದಂತೆ ಮಡಚಿತು. ಮೇಸ್ತ್ರಿಯ ಗ್ಯಾರೇಜಿನ ಶೆಡ್ಡಿನಲ್ಲೇ ತಗಡಿನ ಗೋಡೆಯ ಆಚೆಗೆ ಅವಳ ಹೊಲಿಗೆ ಯಂತ್ರ ಇತ್ತು. ಧಣಿಯ ಕಾರು ಸೋಮವಾರ ಮಧ್ಯಾಹ್ನ ಅದೇ ಗ್ಯಾರೇಜಿಗೆ ಸರ್ವಿಸಿಗೆ ಬಂದಿತ್ತು. ಮಂಗಳವಾರ ಸಂಜೆ ಆರಕ್ಕೆ ಪೊಲೀಸರು ಅದನ್ನು ಅಲ್ಲಿಂದಲೇ ಎಳೆದುತಂದಿದ್ದರು.

"ಈ ಗಾಡಿ ಧಣಿಗಿಂತ ಮೊದಲು ಯಾರ ಹತ್ರ ಇತ್ತು?" ಎಂದು ಉಸ್ಸಪ್ಪ ಮೇಸ್ತ್ರಿಯನ್ನು ಕೇಳಿದ.

"ಯಾವನೋ ಹಾಡಿನ ಹುಚ್ಚ ಅಂತೆ ಸಾರ್. ಡಿಕ್ಕೀಲಿ ಎರಡು ದೊಡ್ಡ ಸ್ಪೀಕರ್ ಇಟ್ಟಿದ್ನಂತೆ. ತೂತು ಇನ್ನೂ ಇದೆ ನೋಡಿ."

"ಸ್ಪೀಕರ್ ಇಡೋರು ಡಿಕ್ಕಿಗೆ ಶೀಟು ಹಾಕ್ಸಲ್ವಾ? ತಗಡು ಅದುರಬಾರ್ದು ಅಂತ?"

"ಹಾಕ್ಸೋರು ಹಾಕ್ಸ್ತಾರೆ. ಇದಕ್ಕೆ ಹಾಕ್ಸಿಲ್ಲ. ಕೇಳಿ."

ಮೇಸ್ತ್ರಿ ಬೆರಳ ಗೆಣ್ಣಿನಿಂದ ಬಾಗಿಲು ಬಡಿಯುವಂತೆ ಡಿಕ್ಕಿಯ ನೆಲಕ್ಕೆ ಬಡಿದ. ಟಣ್. ಬಲಗೋಡೆ, ಟಣ್. ಹಿಂದಿನ ಸೀಟಿನ ಬೆನ್ನಿಗಿದ್ದ ತಗಡು, ಟಣ್ಣ್.

"ಶೀಟು ಇದ್ರೆ ದಬ್ ಅನ್ನುತ್ತೆ. ಇಲ್ದಿದ್ರೆ ಟಣ್. ತಗಡು ಸುಳ್ಳು ಹೇಳಲ್ಲ ಸಾರ್."

ಉಸ್ಸಪ್ಪ ಬಗ್ಗಿದ. ಸೊಂಟ ಏನೋ ಹೇಳಿತು, ಕೇಳಿಸಿಕೊಳ್ಳಲಿಲ್ಲ. ಸ್ಟೆಪ್ನಿ ಚಕ್ರ ಇಡುವ ಗುಂಡಿಯೊಳಗೆ ಕೈ ಹಾಕಿ ತಳವನ್ನು ಸವರಿದ. ಬೆರಳ ತುದಿಗೆ ಮೆಣಸಿನ ಕಾಳಿನಂಥ ನಾಲ್ಕು ಕರಿ ಚೂರು ಅಂಟಿಕೊಂಡವು. ಒಂದನ್ನು ಉಗುರಿನಿಂದ ಒತ್ತಿದ. ಬಿಸಿಲಿಗೆ ಮೆತ್ತಗಾಗಿ ಒತ್ತಿಕೊಂಡಿತು. ಇನ್ನೊಂದರ ಬೆನ್ನಿಗೆ ಅಕ್ಕಿನುಚ್ಚಿನಷ್ಟು ಬೆಳ್ಳಿ ಹೊಳಪು.

ಅವನು ಜೇಬಿನಿಂದ ಮಡಚಿದ ಕಾಗದ ತೆಗೆದ. ಶವಪರೀಕ್ಷೆಯ ವರದಿಯ ನಕಲು. ಎಂಟು ಸಲ ಓದಿದ್ದ, ಎಂಟು ಸಲವೂ ಒಂದೇ ಜಾಗದಲ್ಲಿ ಆಕಳಿಸಿದ್ದ.

"'ಉಗುರುಗಳ ಅಡಿಯಲ್ಲಿ ಕಪ್ಪು ಅಂಟು ಪದಾರ್ಥ, ಬೆಳ್ಳಿ ಬಣ್ಣದ ತುಣುಕುಗಳು. ಮೃತನ ವೃತ್ತಿಗೆ ಸಂಬಂಧಿಸಿದ್ದು,'" ಎಂದು ಗಟ್ಟಿಯಾಗಿ ಓದಿದ.

"ಪ್ರೆಸ್ಸಿನವನಲ್ವಾ," ಎಂದ ದಫೇದಾರ. "ಕರಿ ಅಂದ್ರೆ ಮಸಿ. ಬೆಳ್ಳಿ ಅಂದ್ರೆ ಆಮಂತ್ರಣ ಪತ್ರದ ಹೊಳಪು ಕಾಗದ. ನಮ್ಮನೆ ಕಾರ್ಡೂ ಅವನೇ ಮಾಡಿದ್ದ."

"ಎಲ್ಲರೂ ಹಾಗೇ ಅಂದ್ಕೊಂಡ್ರು. ನಾನೂ. ಅಡುಗೆಯವನ ಕೈಲಿ ಅರಿಶಿನ ಕಂಡ್ರೆ ಯಾರು ಕೇಳ್ತಾರೆ." ಉಸ್ಸಪ್ಪ ಬೆರಳ ಮೇಲಿನ ಚೂರನ್ನು ಎತ್ತಿ ಹಿಡಿದ. "ಡಾಂಬರು ಶೀಟಿನ ಮೇಲ್ಗಡೆ ಬೆಳ್ಳಿ ಹಾಳೆ ಇರುತ್ತೆ ಅಲ್ವಾ ಮೇಸ್ತ್ರಿ?"

ಮೇಸ್ತ್ರಿ ಯಾರ ದನಿಯಲ್ಲೂ ಉತ್ತರಿಸಲಿಲ್ಲ. ತಲೆಯಾಡಿಸಿದ.

"ಎಡ ಮೂಲೆ ಬಡಿದು ನೋಡಿದ್ಯಾ? ಚಕ್ರದ ಉಬ್ಬಿನ ಹಿಂದೆ?"

"ಅಲ್ಲಿಗೆ ಕೈ ಹೋಗಲ್ಲ ಸಾರ್. ಜೇಡಕ್ಕೆ ಮಾತ್ರ ಜಾಗ."

"ನೋಡೋಣ."

"ಬಿಡಿ ಸಾರ್. ಬಿಸಿಲಲ್ಲಿ ನಿಮಗ್ಯಾಕೆ. ಐದು ಗಂಟೆ ಆಗ್ತಾ ಬಂತು."

ಆಗ ಮೂರು ಮುಕ್ಕಾಲು. ಉಸ್ಸಪ್ಪ ಮೇಸ್ತ್ರಿಯ ಚೀಲದಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನೂ ಸ್ಕ್ರೂಡ್ರೈವರನ್ನೂ ತೆಗೆದುಕೊಂಡು, ಡಿಕ್ಕಿಯೊಳಗೆ ಅಂಗಾತ ಮಲಗಿದ. ಸತ್ತವನು ಮಲಗಿದ್ದ ಹಾಗೇ. ಎಡಗೈ ತಾನಾಗಿ ಆ ಮೂಲೆಗೆ ಹೋಯಿತು. ಮಲಗಿದವನ ಕೈಗೆ ಮೂಲೆ ಹತ್ತಿರ; ಹೊರಗೆ ನಿಂತು ಸುತ್ತಿಗೆ ಬೀಸುವವನಿಗೆ ದೂರ.

ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದ.

ದಬ್.

ಮತ್ತೊಮ್ಮೆ ಬಡಿದ. ದಬ್.

ಕನ್ನಡಿಯಲ್ಲಿ ಅಂಗೈಯಗಲದ ಬೆಳ್ಳಿ ಹಾಳೆ ಕಂಡಿತು. ಅದನ್ನು ಸೀಳಿಕೊಂಡು, ಕರಿ ಡಾಂಬರಿನ ಆಳಕ್ಕೆ, ಪಕ್ಕಪಕ್ಕದಲ್ಲಿ ನಾಲ್ಕು ಗೀರು. ಒಂದು ಗೀರಿನ ತುದಿಯಲ್ಲಿ ಉಗುರಿನ ಚೂರು ಸಿಕ್ಕಿಕೊಂಡಿತ್ತು.

ಉಸ್ಸಪ್ಪ ಕನ್ನಡಿಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟ. ಆಮೇಲೆ ತೆವಳಿಕೊಂಡು ಹೊರಗೆ ಬಂದ.

"ದಫೇದಾರ್ರೇ, ಸಾಹೇಬ್ರನ್ನ ಕರೀರಿ. ಕ್ಯಾಮೆರಾ ತರ್ಸಿ, ಪಂಚನಾಮೆ ಆಗಬೇಕು. ಭಾನುವಾರ ಈ ಡಿಕ್ಕಿ ತುಂಬ ಶೀಟಿತ್ತು. ಪಾಪ, ಆ ಮನುಷ್ಯ ಅದನ್ನೇ ಪರಚಿ ಸತ್ತ. ಹೊಡೆದಿದ್ದೆಲ್ಲ ದಬ್ ದಬ್ ಅಂತ ಒಳಗೇ ಇಂಗಿಹೋಯ್ತು. ಮುಂದೆ ಎಂಜಿನ್ ಸದ್ದಲ್ಲಿ ಕೂತೋನಿಗೆ ಏನೂ ಕೇಳಿಸಿಲ್ಲ. ಡ್ರೈವರ್ ಹೇಳಿದ್ದು ನಿಜ."

"ಮತ್ತೆ ನಾನು ಬಡಿದಾಗ?"

"ಅಷ್ಟೊತ್ತಿಗೆ ಯಾರೋ ಕಿತ್ತಿದ್ರು. ತಂಪು ಕೊಟ್ಟು, ಬಿಸ್ಕತ್ತು ಮಾಡಿ."

ಉಸ್ಸಪ್ಪನ ಫೋನು ಗುಂಡಿ ಒತ್ತುವ ಕಾಲದ್ದು; ಅದರಲ್ಲಿ ಚಿತ್ರ ತೆಗೆಯುವುದೆಂದರೆ ಒನಕೆಯಲ್ಲಿ ಹಲ್ಲುಜ್ಜಿದಂತೆ. ದಫೇದಾರನ ಫೋನು ಒಳಗೆ ಚಾರ್ಜಿಗೆ ಹಾಕಿತ್ತು. ಅವನು ಕುಂಟುತ್ತ ಕಟ್ಟಡದ ಕಡೆ ಓಡಿದ.

ಹಿಂದೆ ಠಣಕ್ ಎಂದು ಸದ್ದಾಯಿತು. ಟೈಲರಕ್ಕನ ಕೈಯಿಂದ ಕೊಕ್ಕೆ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಳ್ಳದೆ, ಜಪ್ತಿಯಾದ ಬೈಕುಗಳ ರಾಶಿಯ ಆಚೆ, ಕಾಂಪೌಂಡಿನ ಮೂಲೆಯ ಮರದ ಕಡೆ ನಡೆದುಹೋದಳು. ತಮ್ಮ ಉಳಿದನೆಂದು ಕೇಳಿದ ಅಕ್ಕನ ನಡಿಗೆ ಅಲ್ಲ ಅದು.

"ನಾನು ಇಲ್ಲೇ ಕಾಯ್ತೀನಿ ಸಾರ್," ಎಂದ ಮೇಸ್ತ್ರಿ. "ನೀವು ಹೋಗಿ ಸಮಾಧಾನ ಮಾಡಿ. ಪಾಪ."

*

ಮರದ ಕೆಳಗೆ ಒಂದು ಲಾರಿ ಟೈರು ಬಿದ್ದಿತ್ತು. ಅವಳು ಅದರ ಮೇಲೆ ಕೂತಿದ್ದಳು. ಉಸ್ಸಪ್ಪ ಎದುರಿಗೆ ಕಲ್ಲಿನ ಮೇಲೆ ಕೂತ.

"ಕೈ ತೋರ್ಸಮ್ಮ."

ಅವಳು ಸೆರಗಿನೊಳಗೆ ಎಳೆದುಕೊಂಡಳು.

"ಹೋದ ವಾರ ಕೇಳಿದಾಗ ಇಸ್ತ್ರಿ ಪೆಟ್ಟಿಗೆ ಸುಟ್ಟಿತು ಅಂದೆ."

"ಹೂಂ."

"ನೀನು ಹೊಲಿಯೋದು ರೆಕ್ಸಿನ್. ರೆಕ್ಸಿನ್ನಿಗೆ ಯಾರಾದ್ರೂ ಇಸ್ತ್ರಿ ಇಡ್ತಾರಾ? ಕರಗಿ ಹೋಗಲ್ವಾ?"

ಅವಳು ಸೆರಗನ್ನು ಇನ್ನೊಂದು ಸುತ್ತು ಸುತ್ತಿಕೊಂಡಳು.

"ನಿನ್ನ ಅಂಗಡೀಲಿ ಇಸ್ತ್ರಿ ಪೆಟ್ಟಿಗೆನೇ ಇಲ್ಲ. ನಾನು ನೋಡಿದೀನಿ. ಸುಟ್ಟ ಗಾಯ ಕೆಂಪಗೆ ಏಳುತ್ತೆ. ನಿಂದು ಬೆಳ್ಳಗೆ ಸತ್ತಿದೆ. ಅದು ಬೆಂಕಿ ಅಲ್ಲ, ಡ್ರೈ ಐಸ್. ಗವಸು ದೊಡ್ಡದಾಯ್ತು ಅಂತ ಬರಿಗೈಲಿ ಹಿಡಿದ್ಯಾ?"

ಅವಳು ಕೈ ಹೊರಗೆ ತೆಗೆದು ತೊಡೆಯ ಮೇಲಿಟ್ಟಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ತುದಿಯಲ್ಲಿ ಚರ್ಮ ಬೆಳ್ಳಗೆ ಸುಲಿದಿತ್ತು.

"ಅಷ್ಟು ದೊಡ್ಡ ಗವಸಲ್ಲಿ ಸುತ್ತಿಗೆ ನಿಲ್ಲಲ್ಲ ಅಣ್ಣ," ಎಂದಳು. ದನಿಯಲ್ಲಿ ಅಳು ಇರಲಿಲ್ಲ. ಅಳು ಮುಗಿದು ಬಹಳ ದಿನವಾಗಿತ್ತು. "ಎರಡು ವರ್ಷದ ಹಿಂದೆ ಒಂದು ಸ್ಕೂಲ್ ವ್ಯಾನಿಗೆ ನಾನೂ ಮೇಸ್ತ್ರೀನೂ ಸೇರಿ ಹೀಗೇ ಕಿತ್ತಿದ್ವಿ. ಐಸ್‌ಕ್ರೀಮ್ ಗೋಡೌನಿಂದ ಪೆಟ್ಟಿಗೆ ತರೋದು ನಾನೇ. ಅವ್ರು ನನಗೊಬ್ಬನಿಗೇ ಗೊತ್ತು ಅಂತ ಜಂಬ ಕೊಚ್ಕೋತಾರೆ. ಕೊಚ್ಕೊಳ್ಳಿ ಬಿಡಿ."

"ಯಾಕಮ್ಮ ಕಿತ್ತೆ?"

"ತಮ್ಮ ಹೇಳ್ದ."

ಕಾಂಪೌಂಡಿನ ಆಚೆ ಒಂದು ಲಾರಿ ಹಿಂದಕ್ಕೆ ಚಲಿಸುತ್ತಿತ್ತು. ಪೀಂ, ಪೀಂ, ಪೀಂ ಎಂದು ಅರಚಿತು. ಉಸ್ಸಪ್ಪ ಅದು ನಿಲ್ಲಲಿ ಎಂದು ಕಾದ. ನಿಲ್ಲಲಿಲ್ಲ. ಆ ಗಲಾಟೆಯ ನಡುವೆ ಕಾರಿನ ಕಡೆಯಿಂದ ಯಾರೋ ಏನೋ ಕೂಗಿದಂತಾಯಿತು. ಅವನ ಮನಸ್ಸು ಅಲ್ಲಿರಲಿಲ್ಲ.

"ಮಂಗಳವಾರ. ಮೇಸ್ತ್ರಿಗೆ ವಾರದ ರಜೆ, ಶೆಡ್ಡಿನ ಬೀಗ ನನ್ನ ಹತ್ರ ಇತ್ತು. ಯಾವುದೋ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. 'ಅಕ್ಕಾ, ನಾನೇ. ನನ್ನ ಫೋನಲ್ಲಿ ಚಾರ್ಜಿಲ್ಲ. ಧಣಿ ಕಾರು ಅಲ್ಲೇ ಇದ್ಯಲ್ಲ, ಅದರ ಡಿಕ್ಕೀಲಿ ಕರಿ ಶೀಟಿದೆ. ಎಲ್ಲ ಕಿತ್ತುಬಿಡು. ಅದರ ಮೇಲೆ ಗುರುತಿದೆ. ಅದು ಪೊಲೀಸರ ಕೈಗೆ ಸಿಕ್ರೆ ನನ್ನ ಕಥೆ ಮುಗೀತು. ಯಾಕೆ ಏನು ಅಂತ ಯಾವತ್ತೂ ಕೇಳ್ಬೇಡ.'"

"ಕೇಳ್ಲಿಲ್ಲ."

"ಡಿಕ್ಕಿ ತೆಗೆದು ನೋಡ್ದೆ. ಬೆಳ್ಳಿ ಹಾಳೆ ತುಂಬ ಪರಚಿತ್ತು. ಬೆಕ್ಕು ಮೂಟೆಯೊಳಗೆ ಪರಚಿದ ಹಾಗೆ. ಕೇಳೋಕೇನಿತ್ತು? ನನ್ನ ತಮ್ಮ ಮಾಡಬಾರದ್ದು ಮಾಡಿದಾನೆ ಅಂತ ಅಲ್ಲೇ ಗೊತ್ತಾಯ್ತು. ಒಂದು ಗಳಿಗೆ ಅಲ್ಲೇ ಕೂತೆ. ಆಮೇಲೆ ಐಸ್ ತಂದೆ." ಅವಳು ಬೆರಳುಗಳನ್ನು ನೋಡಿಕೊಂಡಳು. "ಅಮ್ಮ ಹೋದಾಗ ಅವನಿಗೆ ಆರು ವರ್ಷ. ಸ್ನಾನ ಮಾಡಿಸಿದ್ದು, ಶಾಲೆಗೆ ಕಳಿಸಿದ್ದು, ಹೊಡೆದದ್ದು ಎಲ್ಲ ನಾನೇ. ಕೆಟ್ಟವನಾದ್ರೆ ಅದೂ ನಾನು ಸಾಕಿದ್ದೇ ಅಲ್ವಾ. ಅಳ್ತಾ ಅಳ್ತಾ ಹೊಡೆದೆ. ಒಂದು ಮೂಲೆಗೆ ಸುತ್ತಿಗೆ ಹೋಗ್ಲಿಲ್ಲ, ಬಿಟ್ಟೆ. ಆರಕ್ಕೆ ಪೊಲೀಸರು ಬಂದ್ರು. ನಿನ್ನ ತಮ್ಮನ್ನ ಹಿಡ್ಕೊಂಡು ಹೋಗಿದೀವಿ ಅಂದ್ರು."

"ಕಿತ್ತ ಶೀಟು?"

"ನಮ್ಮ ರಸ್ತೆ ತುದೀಲಿ ಡಾಂಬರು ಹಾಕ್ತಿದ್ರು. ಮೂರು ಚೀಲ. ಅವ್ರು ಊಟಕ್ಕೆ ಹೋದಾಗ ಕಾಯೋ ಡ್ರಮ್ಮಿಗೆ ಸುರಿದೆ."

ಉಸ್ಸಪ್ಪ ಕಣ್ಣು ಮುಚ್ಚಿದ. ತಮ್ಮನನ್ನು ಉಳಿಸಬಹುದಾಗಿದ್ದ ಸಾಕ್ಷಿಯೆಲ್ಲ ಕರಗಿ ರಸ್ತೆಯಾಗಿತ್ತು. ಈ ವಾರವಿಡೀ ಅದರ ಮೇಲೆಯೇ ನಡೆದು ಅವನು ಠಾಣೆಗೆ ಬಂದುಹೋಗಿದ್ದ. ಚಪ್ಪಲಿಗೆ ಅಂಟಿಕೊಂಡಿತ್ತೋ ಏನೋ.

"ಆ ಶೀಟು ಇದ್ದಿದ್ರೆ ಅವನು ಆವತ್ತೇ ಮನೆಗೆ ಬರ್ತಿದ್ದ," ಎಂದಳು ಅವಳು. ಕೇಳಲಿಲ್ಲ, ಹೇಳಿದಳು. "ನೀವು ದಬ್ ಅಂತ ಬಡಿದಾಗ ಗೊತ್ತಾಯ್ತು. ನಾನು ತೊಳೆದದ್ದು ಅವನ ಪಾಪ ಅಲ್ಲ. ಅವನನ್ನೇ ತೊಳೆದುಬಿಟ್ಟೆ."

"ಇನ್ನೂ ಒಂದು ತುಂಡು ಉಳಿದಿದೆ ಅಲ್ವಾ. ಅದು ಸಾಕು." ಅವನು ಎದ್ದು ನಿಲ್ಲಲು ಮೊಣಕಾಲಿನ ಅನುಮತಿ ಕೇಳಿದ, ಸಿಗಲಿಲ್ಲ, ಮತ್ತೆ ಕೂತ. "ಆದ್ರೆ ಒಂದು ಹೇಳು. ತಪ್ಪೇ ಮಾಡದವನು ಸಾಕ್ಷಿ ಕೀಳು ಅಂತ ಯಾಕೆ ಫೋನ್ ಮಾಡ್ತಾನೆ? ಎಷ್ಟು ಹೊತ್ತಿಗೆ ಬಂತು ಅದು?"

"ಹನ್ನೊಂದು. ಪಕ್ಕದ ಶಾಲೇಲಿ ಬೆಲ್ ಹೊಡೀತಿತ್ತು, ಅವನ ಮಾತು ಕೇಳಿಸದೆ ಎರಡು ಸಲ ಹೇಳಿಸ್ಕೊಂಡೆ."

"ಬೆಳಿಗ್ಗೆ ಹನ್ನೊಂದಾ?"

"ಬೆಳಿಗ್ಗೇನೇ."

ಇವತ್ತು ಬೆಳಿಗ್ಗೆಯೇ ಉಸ್ಸಪ್ಪ ಠಾಣೆಯ ಡೈರಿ ಓದಿದ್ದ. ಬೇಸರದ ಅಕ್ಷರ, ಬೇಸರದ ಶಾಯಿ. *ಮಂಗಳವಾರ, ಬೆಳಿಗ್ಗೆ ಎಂಟು ಹತ್ತು. ಜವಳಿ ಧಣಿಯ ಚಾಲಕನನ್ನು ವಿಚಾರಣೆಗೆ ಕರೆತರಲಾಯಿತು. ಒಂದು ಮೊಬೈಲ್, ಒಂದು ಬಾಚಣಿಗೆ ವಶಕ್ಕೆ.*

"ನಿನಗೆ ಸಂಜೆ ಹೇಳಿದ್ರು. ಹಿಡಿದದ್ದು ಸಂಜೆ ಅಲ್ಲಮ್ಮ. ಎಂಟು ಗಂಟೆಗೇ ಹಿಡಿದಿದ್ರು. ಹನ್ನೊಂದಕ್ಕೆ ನಿನ್ನ ತಮ್ಮ ಲಾಕಪ್ಪಲ್ಲಿ ಗೋಡೆ ನೋಡ್ತಾ ಕೂತಿದ್ದ. ಫೋನೂ ಇಲ್ಲ, ಮಾತಾಡ್ಸೋರೂ ಇಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. "ಅವನದೇ ದನಿ ಅಣ್ಣ. ನಾನು ಸಾಕಿದ ದನಿ. ನಂಗೆ ಗೊತ್ತಾಗಲ್ವಾ?"

"ಗೊತ್ತಾಗುತ್ತೆ," ಎಂದ ಉಸ್ಸಪ್ಪ ನಿಧಾನವಾಗಿ. ಇಡೀ ಮಧ್ಯಾಹ್ನ ಅವನ ಕಿವಿಯ ಸುತ್ತ ಎಷ್ಟೊಂದು ದನಿ ಸುಳಿದಿದ್ದವು. ಮೇಸ್ತ್ರಿಯ ಬಾಯಲ್ಲಿ ಇನ್‌ಸ್ಪೆಕ್ಟರ್ ಬಂದುಹೋದರು, ಧಣಿ ಬಂದುಹೋದ, ತಾನೂ ಬಂದುಹೋಗಿದ್ದ. ದಿನಾ ಗ್ಯಾರೇಜಿಗೆ ಬಂದುಹೋಗುವ ಒಬ್ಬನ ದನಿ ಮಾತ್ರ, ಕೇಳಿದರೂ ಬಂದಿರಲಿಲ್ಲ. "ಮೇಸ್ತ್ರಿಗೆ ನಿನ್ನ ತಮ್ಮನ ದನಿ ಮಾಡೋಕೆ ಬರಲ್ವಂತೆ. ಹೌದಾ?"

"ಯಾಕೆ ಬರಲ್ಲ?" ಅವಳು ಮೊದಲ ಸಲ ತಲೆಯೆತ್ತಿದಳು. "ಊಟದ ಹೊತ್ತಿಗೆ ತಗಡಿನ ಆಚೆ ನಿಂತು ಅವನ ದನೀಲೇ 'ಅಕ್ಕಾ, ಡಬ್ಬಿ ಬಿಚ್ಚು' ಅಂತಿದ್ರು. ಎರಡು ಸಲ ನಾನು ಡಬ್ಬಿ ಬಿಚ್ಚಿ, ಇಬ್ಬರಿಗೆ ಹಾಕ್ಕೊಂಡು ಕಾದಿದೀನಿ."

ಲಾರಿಯ ಅರಚಾಟ ನಿಂತಿತು.

ನಿಂತ ಮೇ‍ಲೆ ಉಳಿದ ಮೌನದಲ್ಲಿ, ಬೈಕುಗಳ ರಾಶಿಯ ಆಚೆಯಿಂದ, ಮೆಲ್ಲಗೆ, ಒಂದು ಸದ್ದು ಬಂತು.

ಚಟ್.

ಉಸ್ಸಪ್ಪ ಎದ್ದ. ಈ ಸಲ ಮೊಣಕಾಲನ್ನು ಕೇಳಲಿಲ್ಲ. ಅವರು ಇಲ್ಲಿ ಕೂತು ಎಷ್ಟು ಹೊತ್ತಾಗಿತ್ತು? ಹತ್ತು ನಿಮಿಷ. ಮುಟ್ಟಬಾರದು, ಮಾತಾಡಿಸಬಾರದು ಎನ್ನುವಷ್ಟು ಹೊತ್ತು.

ಅವನು ಓಡಿದ. ಓಡಿದ ಎಂದರೆ ಅರವತ್ತೆರಡರ ಓಟ; ಮುಂದೆ ಹೋದದ್ದಕ್ಕಿಂತ ಮೇಲೆ ಕೆಳಗೆ ಹೋದದ್ದೇ ಹೆಚ್ಚು. ಸೈಲೆನ್ಸರ್ ಒಂದಕ್ಕೆ ಕಾಲು ತಾಗಿ ಮುಗ್ಗರಿಸಿದ, ಹ್ಯಾಂಡಲ್ ಹಿಡಿದು ಸಾವರಿಸಿಕೊಂಡ. ಹಿಂದೆ ಟೈಲರಕ್ಕನ ಚಪ್ಪಲಿಯ ಪಟಪಟ.

ರಾಶಿಯ ತಿರುವು ದಾಟಿದಾಗ ಕಾರು ಕಂಡಿತು. ಡಿಕ್ಕಿಯ ಬಾಯಿಂದ ಬಿಳಿ ಹೊಗೆ ಇಳಿದು ನೆಲದ ಮೇಲೆ ತೆವಳುತ್ತಿತ್ತು. ಅದರೊಳಗೆ ಅಂಗಾತ ಮಲಗಿದ್ದ ಮೇಸ್ತ್ರಿಯ ಎರಡು ಕಾಲು ಮಾತ್ರ ಹೊರಗಿದ್ದವು.

"ಮೇಸ್ತ್ರೀ, ನಿಲ್ಲು."

ದಬ್.

ದಬ್.

ಟಣ್.

ಮೇಸ್ತ್ರಿ ಹೊರಗೆ ಬಂದು ಕೈಗವಸು ಕಳಚಿದ. ಅವನ ಕಾಲ ಬಳಿ ಕರಿ ಬೆಳ್ಳಿ ಪುಡಿ, ಬಿಸ್ಕತ್ತಿನ ಡಬ್ಬಿಯ ತಳದಲ್ಲಿ ಉಳಿದ ಹಾಗೆ. ಗೀರು ಎಲ್ಲಿ, ಉಗುರು ಎಲ್ಲಿ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ.

"ಆಯ್ತು ಸಾರ್," ಎಂದ, ತನ್ನ ಸ್ವಂತ ದನಿಯಲ್ಲಿ. "ನೀವು ಹೇಳಿದ ಹಾಗೇ."

"ನಾನು ಏನು ಹೇಳ್ದೆ?"

ಮೇಸ್ತ್ರಿ ಗವಸಿನ ಪುಡಿ ಕೊಡವಿದ. ಉತ್ತರ ಬಂದದ್ದು ಠಾಣೆಯ ಜಗಲಿಯಿಂದ. ಅಲ್ಲಿ ಕ್ಯಾಮೆರಾ ಹಿಡಿದ ಡಿಕ್ಕಿ ದಫೇದಾರ ನಿಂತಿದ್ದ. ಅವನ ಪಕ್ಕದಲ್ಲಿ, ಹುಬ್ಬು ಗಂಟಿಕ್ಕಿಕೊಂಡು, ಇನ್‌ಸ್ಪೆಕ್ಟರ್.

"ನೀವೇ ಕೂಗಿದ್ರಲ್ಲ ಸಾರ್," ಎಂದ ದಫೇದಾರ ಅಮಾಯಕನಾಗಿ. "'ಉಸ್ಸಪ್ಪಾ, ಮೇಸ್ತ್ರೀ, ಆ ಮೂಲೆದೂ ಕಿತ್ತುಬಿಡು ಮಾರಾಯ' ಅಂತ. ಬೈಕುಗಳ ಕಡೆಯಿಂದ. ನಾನೂ ಸಾಹೇಬ್ರೂ ಕಿಟಕೀಲಿ ನಿಂತು ಕಿವಿಯಾರೆ ಕೇಳಿದೀವಿ. ಬೇಕಾದ್ರೆ ಇಬ್ರೂ ಬರೆದುಕೊಡ್ತೀವಿ."